ಸುಕನ್ಯಾಳ ಮೈಯೊಳಗಿನ ಹೊಳೆ

ಯಲಬುರ್ಗಾ ತಾಲ್ಲೂಕಿನ ಎರೆಹೊಲಗಳ ನಡುವಿನ ಸಣ್ಣ ಊರಲ್ಲಿ ಹುಟ್ಟಿದ ಸುಕನ್ಯಾ ಇಪ್ಪತ್ತಾರು ವರ್ಷದವರೆಗೆ ಹೊಳೆಯನ್ನು ಕಣ್ಣಿನಿಂದ ಕಂಡವಳಲ್ಲ. ಅವರ ಊರಲ್ಲಿದ್ದದ್ದು ಎರಡು ಕೊಳವೆಬಾವಿ, ಬೇಸಿಗೆಗೆ ಬತ್ತುವ ಒಂದು ಕೆರೆ. ಮಿಕ್ಕಿದ್ದೆಲ್ಲ ಕಣ್ಣು ಹಾಯುವಷ್ಟು ದೂರ ಬಿಳಿಜೋಳ, ಕಡಲೆ. ಆದರೂ ದಿನಾ ಬೆಳಗಾಗುತ್ತಲೇ ಅವಳ ಮೈಗೆ ಹರಿಯುವ ನೀರು ತಾಕುತ್ತಿತ್ತು. ಮೊದಲು ಪಾದ, ಆಮೇಲೆ ಮೊಣಕಾಲು, ಸೊಂಟ, ಕೊನೆಗೆ ಒಮ್ಮೆಲೇ ನೆತ್ತಿ. ಕಣ್ಣು ಮುಚ್ಚಿ ಮಲಗಿದ್ದವಳ ತೋಳುಗಳು ತಾವಾಗಿಯೇ ಆಡುತ್ತಿದ್ದವು. ಇದು ಎಲ್ಲರಿಗೂ ಆಗುವಂಥದ್ದೇ ಎಂದು ಅವಳು ತಿಳಿದಿದ್ದಳು. ಆರು ವರ್ಷದವಳಿದ್ದಾಗ ಅಜ್ಜಿ ಮುದಕಮ್ಮನನ್ನು ಕೇಳಿದಳು.

“ಆಯಿ, ಇವತ್ತು ನಿನಗೂ ನೀರು ಭಾಳ ತಣ್ಣಗ ಇದ್ದುವೇನು?”

“ಯಾವ ನೀರವ್ವ?”

“ಮುಂಜಾನಿ ಮೈಮ್ಯಾಲ ಬರ್ತಾವಲ್ಲ, ಆ ನೀರು.”

ಮುದಕಮ್ಮ ಮೊಮ್ಮಗಳ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಅಂಗೈ ಮುಟ್ಟಿದಾಗ ಮಾತ್ರ ಥಟ್ಟನೆ ತನ್ನ ಕೈ ಹಿಂದೆಗೆದುಕೊಂಡಳು. ಮಗುವಿನ ಅಂಗೈ, ಬಹಳ ಹೊತ್ತು ನೀರಲ್ಲಿ ಆಡಿ ಬಂದವರ ಹಾಗೆ, ನೆನೆದು ಸುಕ್ಕುಗಟ್ಟಿತ್ತು.

ಮುದುಕಿ ಯಾರಿಗೂ ಹೇಳಲಿಲ್ಲ. ಆದರೆ ಮೂರು ವರ್ಷದ ನಂತರ ನಡೆದದ್ದನ್ನು ಇಡೀ ಊರೇ ನೋಡಿತು. ಸಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ ಮುಗಿದಿತ್ತು. ಅಂಗಳದಲ್ಲಿ ಓಡಾಡುತ್ತಿದ್ದ ಸುಕನ್ಯಾ ನಿಂತಲ್ಲೇ ನಿಂತು, ಎರಡೂ ಕೈ ಮೇಲೆತ್ತಿ, ಉಸಿರು ಸಿಗದೆ ಒದ್ದಾಡಿ ಬಿದ್ದಳು. ಅನ್ನಪೂರ್ಣ ಟೀಚರು ಓಡಿ ಬಂದು ಹುಡುಗಿಯನ್ನು ಬೋರಲು ಹಾಕಿ ಬೆನ್ನು ಒತ್ತಿದರು. ಬಾಯಿಂದ, ಮೂಗಿನಿಂದ ನೀರು ಬಂತು. ಒಂದು ತಂಬಿಗೆ, ಎರಡು ತಂಬಿಗೆ. ಕೆಂಪಗಿನ ಹೊಸ ನೀರು, ಪಾಚಿಯ ವಾಸನೆ. ಆ ನೀರಿನ ಜೊತೆಗೆ ಕಿರುಬೆರಳಿನ ಉಗುರಿನಷ್ಟು ಒಂದು ಮೀನು ಬಂದು, ಕಾದ ಮಣ್ಣಿನ ಮೇಲೆ ಪಟಪಟ ಬಡಿದುಕೊಂಡಿತು. ಟೀಚರು ಅದನ್ನು ಸ್ಟೀಲಿನ ಲೋಟಕ್ಕೆ ಹಾಕಿದರು. ಎರಡು ದಿನ ಬದುಕಿತು. ಊರಿನವರೆಲ್ಲ ಸಾಲಿನಲ್ಲಿ ನಿಂತು ನೋಡಿ, ಚಪ್ಪಲಿ ಬಿಟ್ಟು ಕೈ ಮುಗಿದು ಹೋದರು.

ಅಪ್ಪ ಗಾಳೆಪ್ಪನಿಗೆ ಹೆದರಿಕೆ ಹೊಕ್ಕಿತು. ಹೊಳೆ ತನ್ನ ಮಗಳನ್ನು ಕರೆಯುತ್ತಿದೆ ಎಂದುಕೊಂಡ. ಅಂದಿನಿಂದ ಅವಳನ್ನು ತುಂಗಭದ್ರೆಯ ದಿಕ್ಕಿಗೇ ಬಿಡಲಿಲ್ಲ. ಸಾಲೆಯವರು ಹಂಪಿಗೆ ಹೋದಾಗ ಅವಳು ಮನೆಯಲ್ಲೇ ಉಳಿದಳು, ಮನೆಯವರು ಹುಲಿಗೆಮ್ಮನ ದರ್ಶನಕ್ಕೆ ಹೋದಾಗ ಅಜ್ಜಿಯ ಜೊತೆ ಉಳಿದಳು. ಸುಕನ್ಯಾ ಓದಿದಳು, ಪರೀಕ್ಷೆ ಬರೆದಳು, ಕುಷ್ಟಗಿ ಡಿಪೊದಲ್ಲಿ ಬಸ್ ಕಂಡಕ್ಟರ್ ಆದಳು. ಕುಷ್ಟಗಿಯಿಂದ ಗದಗ, ಕುಷ್ಟಗಿಯಿಂದ ಯಲಬುರ್ಗಾ. ಖಾಕಿ ಹಾಕಿಕೊಂಡು, ಟಿಕೆಟ್ ಮಷಿನ್ ಕೊರಳಿಗೆ ಹಾಕಿಕೊಂಡು, ತುಂಬಿದ ಬಸ್ಸಿನಲ್ಲಿ ಹಿಂದಿನಿಂದ ಮುಂದಕ್ಕೆ ನುಗ್ಗುವ ಆ ಕೆಲಸ ಅವಳಿಗೆ ಭಾಳ ಸೇರಿತ್ತು. ಬೆಳಗಿನ ನೀರು ಮಾತ್ರ ಒಂದು ದಿನವೂ ತಪ್ಪಲಿಲ್ಲ. ಈಗೀಗ ಅಂಗೈಗೆ ನಾರು ಹೊಸೆದಂತೆ ಉರಿ, ಹೆಗಲಿಗೆ ಗೊನೆ ಹೊತ್ತಂತೆ ಭಾರ, ಇವೂ ಸೇರಿಕೊಂಡಿದ್ದವು.

ಒಂದು ಹುಣ್ಣಿಮೆಗೆ ಹುಲಿಗೆಮ್ಮನ ಊರಾದ ಹುಲಿಗಿಗೆ ಹೋಗುವ ಜನ ಹೆಚ್ಚಾಗಿ, ಗಂಗಾವತಿಯಿಂದ ಆನೆಗೊಂದಿ ಮೇಲೆ ವಿಶೇಷ ಬಸ್ಸು ಬಿಟ್ಟರು. ಕಂಡಕ್ಟರ್ ಸಾಲದೆ ಕುಷ್ಟಗಿಯಿಂದ ಸುಕನ್ಯಾಳನ್ನು ಕಳಿಸಿದರು. ಅವಳು ಅಪ್ಪನಿಗೆ ಹೇಳಲಿಲ್ಲ.

ಆನೆಗೊಂದಿ ಹತ್ತಿರ ಬಂದಂತೆ ಒಂದರ ಮೇಲೊಂದು ಕೂತ ಬಂಡೆಗಳು, ಅವುಗಳ ಬುಡದಲ್ಲಿ ಭತ್ತದ ಗದ್ದೆ, ಬಾಳೆತೋಟ. ತೋಟದ ಸಂದಿನಲ್ಲಿ ಹೊಳೆ ಕಂಡಿತು. ಸುಕನ್ಯಾ ಟಿಕೆಟ್ ಹರಿಯುವುದನ್ನು ನಿಲ್ಲಿಸಿದಳು. ಎಲ್ಲಿ ಆಳ, ಎಲ್ಲಿ ಕಾಲಿಗೆ ಬಂಡೆ ಸಿಗುತ್ತದೆ, ಯಾವ ತಿರುವಿನಲ್ಲಿ ನೀರು ಎಳೆಯುತ್ತದೆ, ಎಲ್ಲವೂ ಅವಳ ಮೈಗೆ ಗೊತ್ತಿತ್ತು. ಎಂದೂ ಹೋಗದ ಮನೆಯಲ್ಲಿ ಕತ್ತಲೆಯಲ್ಲೂ ಎಡವದೆ ನಡೆದಂತೆ ಇತ್ತು ಅದು. ಅವಳ ಕಣ್ಣಲ್ಲಿ ನೀರು ಬಂತು.

ಆನೆಗೊಂದಿಯಲ್ಲಿ ಒಬ್ಬ ಹತ್ತಿದ. ಅವಳದೇ ವಯಸ್ಸು, ಒದ್ದೆ ತಲೆ, ಹೆಗಲ ಮೇಲೆ ಬಾಳೆನಾರಿನ ದೊಡ್ಡ ಸಿಂಬೆ. ಸಾಣಾಪುರಕ್ಕೆ ಟಿಕೆಟ್ ತೆಗೆಸಿದ. ಅಷ್ಟರಲ್ಲಿ ಎಮ್ಮೆಯೊಂದು ಅಡ್ಡ ಬಂದು ಡ್ರೈವರ್ ಬ್ರೇಕ್ ಒತ್ತಿದ. ಸುಕನ್ಯಾಳ ಮೊಣಕೈ ಸೀಟಿನ ಕಂಬಿಗೆ ಜೋರಾಗಿ ಬಡಿಯಿತು. ಅವಳು ಬಾಯಿ ತೆರೆಯುವ ಮೊದಲೇ ಆ ಮನುಷ್ಯ “ಅಯ್ಯ” ಎಂದು ತನ್ನ ಮೊಣಕೈ ಹಿಡಿದುಕೊಂಡ. ಅವನಿಗೆ ಏನೂ ತಾಕಿರಲಿಲ್ಲ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಸುಕನ್ಯಾ ತನ್ನ ತುಟಿಯನ್ನು ಹಲ್ಲಿನಿಂದ ಮೆಲ್ಲಗೆ ಕಚ್ಚಿದಳು. ಅವನ ಕೈ ಅವನ ತುಟಿಗೆ ಹೋಯಿತು. ಅವನು ತನ್ನ ಎಡಗಿವಿಯನ್ನು ಹಿಂಡಿಕೊಂಡ. ಅವಳ ಎಡಗಿವಿ ಬಿಸಿಯಾಯಿತು.

ಸಾಣಾಪುರ ಬಂತು. ಅವನು ಇಳಿಯಲಿಲ್ಲ.

“ನಿಮ್ಮ ಟಿಕೆಟ್ ಇಲ್ಲಿಮಟ ಐತ್ರಿ,” ಎಂದಳು ಸುಕನ್ಯಾ.

“ಮುಂದಿಂದು ಕೊಡ್ರಿ,” ಎಂದ ಅವನು. “ಬಸ್ಸು ಎಲ್ಲಿಮಟ ಹೋಗತೈತೋ ಅಲ್ಲಿಮಟ.”

ಅವನ ಹೆಸರು ಯಂಕೇಶ. ಹರಿಗೋಲು ನಡೆಸುತ್ತಿದ್ದ ಅಪ್ಪ ತೀರಿಕೊಂಡಿದ್ದ. ತಾಯಿ ದುರಗಮ್ಮ ಇದ್ದಳು. ಒಂದೆಕರೆ ಬಾಳೆತೋಟ, ಬಿಡುವಿದ್ದಾಗ ಬಾಳೆನಾರಿನಿಂದ ಹಗ್ಗ, ಬುಟ್ಟಿ ಹೆಣೆಯುವ ಕೆಲಸ. ಬೆಳಗಾಗುತ್ತಲೇ ಹೊಳೆಯಲ್ಲಿ ಈಜುವುದು ಸಣ್ಣವನಿದ್ದಾಗಿನಿಂದ ರೂಢಿ. ಬಸ್ಸು ಹುಲಿಗಿಯಲ್ಲಿ ಒಂದು ಗಂಟೆ ನಿಂತಾಗ ಬೇವಿನ ಮರದ ಕೆಳಗೆ ಕೂತು ಇದನ್ನೆಲ್ಲ ಹೇಳಿದ. ಸುಕನ್ಯಾ ಮೀನಿನ ಕತೆ ಹೇಳಿದಳು. ಕೇಳುತ್ತಾ ಅವನ ಮುಖ ಬಿಳಿಚಿತು.

“ಆ ದಿನ ಅಪ್ಪನ ಹರಿಗೋಲು ಮಗುಚಿತ್ತು,” ಎಂದ. “ನಾ ಅದರ ಕೆಳಗ ಸಿಕ್ಕೊಂಡಿದ್ದೆ. ಮೇಲೆತ್ತೂದ್ರಾಗ ಭಾಳ ಹೊತ್ತಾಗಿತ್ತಂತ. ಸತ್ತಾನಂತನ ಅವ್ವ ಅತ್ತಿದ್ಲು. ಹೊಟ್ಟಿ ಒತ್ತಿ ನೋಡಿದ್ರ ಒಂದು ಹನಿ ನೀರಿಲ್ಲ. ನೀರ ಕುಡಿದಿಲ್ಲಲ್ಲ ಹುಡುಗ ಅಂತ ಎಲ್ಲಾರೂ ಬೆರಗಾದ್ರು.”

ಅವನು ತಲೆ ತಗ್ಗಿಸಿದ.

“ಅದನ್ನ ನೀವು ಕುಡಿದಿದ್ರಿ,” ಎಂದ.

ಆಮೇಲೆ ಅವನು ನಾಚುತ್ತಾ ಇನ್ನೊಂದು ಮಾತು ಹೇಳಿದ. ಹದಿನಾಲ್ಕನೇ ವಯಸ್ಸಿನಿಂದ ತಿಂಗಳಿಗೊಮ್ಮೆ ಅವನಿಗೆ ಎರಡು ದಿನ ಕಿಬ್ಬೊಟ್ಟೆ ಹಿಂಡುತ್ತಿತ್ತು. ದುರಗಮ್ಮ ಅವನನ್ನು ಗಂಗಾವತಿಯ ಎಷ್ಟೋ ಡಾಕ್ಟರ ಹತ್ತಿರ ಕರೆದೊಯ್ದಿದ್ದಳು. ಸುಕನ್ಯಾ ಮುಖ ಮುಚ್ಚಿಕೊಂಡು ನಕ್ಕಳು. ನಗುತ್ತಿದ್ದ ಹಾಗೇ ಅವಳಿಗೆ ಅಳು ಬಂತು. ಈ ಭೂಮಿಯ ಮೇಲೆ ತನ್ನ ನೋವನ್ನು ಬಾಯಿಬಿಟ್ಟು ಹೇಳದೆಯೂ ತಿಳಿದ ಒಬ್ಬನಿದ್ದಾನೆ, ಮತ್ತು ಅವನು ಹನ್ನೆರಡು ವರ್ಷ ಅದನ್ನು ಯಾರದೆಂದು ತಿಳಿಯದೆಯೇ ಹೊತ್ತಿದ್ದಾನೆ.

ಸುದ್ದಿ ನಿಲ್ಲಲಿಲ್ಲ. ದುರಗಮ್ಮ ಬಾಳೆಗೊನೆ, ಸೀರೆ, ಕುಪ್ಪಸದ ಕಣ ತೆಗೆದುಕೊಂಡು ಯಲಬುರ್ಗಾದ ಕಡೆಗೆ ಬಂದಳು. ಮುದಕಮ್ಮ ಯಂಕೇಶನನ್ನು ಮುಂದೆ ಕೂಡಿಸಿಕೊಂಡು, ಮೊಮ್ಮಗಳ ಕೈಗೆ ಒಂದು ಬಿಸಿ ಲೋಟ ಕೊಟ್ಟಳು. ಯಂಕೇಶನ ಬೆರಳು ಕೆಂಪಾದದ್ದನ್ನು ಕಂಡು ಮುದುಕಿ ಎರಡೂ ಕೈ ಎತ್ತಿ ಮುಗಿದಳು.

“ದೇವರು ಒಂದ ಜೀವ ಮಾಡಿ ಎರಡು ಊರಾಗ ಇಟ್ಟಾನ. ಇದಕ್ಕ ಕುಂಡಲಿ ಏನು ನೋಡೂದು, ಮುಹೂರ್ತ ನೋಡ್ರಿ,” ಎಂದಳು.

ಗಾಳೆಪ್ಪ ಇಷ್ಟು ವರ್ಷ ಹೆದರಿದ್ದು ಹೊಳೆಗಲ್ಲ, ಅಳಿಯನಿಗೆ ಎಂದು ತಿಳಿದು ಜೀವ ಹಗುರ ಮಾಡಿಕೊಂಡ. ಮಾಘಮಾಸದಲ್ಲಿ ಮದುವೆ ಎಂದು ಮಾತಾಯಿತು. ಅಕ್ಕಪಕ್ಕದ ಊರಿನವರು ಜೋಡಿಯನ್ನು ನೋಡಲು ಬಂದರು. ಬಂಜೆಯರು ಸುಕನ್ಯಾಳ ಸೆರಗು ಮುಟ್ಟಿಸಿಕೊಂಡು ಹೋದರು. ಅಷ್ಟು ಜನರಲ್ಲಿ ಒಬ್ಬರೂ ಅವಳಿಗೆ ಈ ಮದುವೆ ಒಪ್ಪಿಗೆಯೇ ಎಂದು ಕೇಳಲಿಲ್ಲ.

ಒಂದು ಮಧ್ಯಾಹ್ನ ಯಂಕೇಶ ಕುಷ್ಟಗಿ ಬಸ್‌ಸ್ಟ್ಯಾಂಡಿಗೆ ಬಂದಿದ್ದಾಗ ಅವಳು ಕ್ಯಾಂಟೀನಿನ ಹಿಂದಿನ ಕಟ್ಟೆಯ ಮೇಲೆ ಕೂತು ಹೇಳಿದಳು.

“ನೀ ನನಗ ಇಷ್ಟ ಅದಿ ಯಂಕೇಶ. ಆದ್ರ ನಾ ಇಷ್ಟಪಟ್ಟೀನೋ, ನನ್ನ ಮೈ ಇಷ್ಟಪಟ್ಟೈತೋ ತಿಳಿವಲ್ದು. ಹುಟ್ಟಿದಾಗಿಂದ ನನ್ನ ಮೈಯಾಗ ನೀ ಅದಿ. ಒಂದ ದಿನಾನೂ ನಾ ಒಬ್ಬಾಕೇ ಇದ್ದಿಲ್ಲ. ಒಬ್ಬಾಕೇ ಇರೂದು ಅಂದ್ರ ಹ್ಯಾಂಗಿರತೈತಿ ಅಂತ ಗೊತ್ತಿಲ್ಲದ, ಇಬ್ಬರಾಗಿ ಇರೂದನ್ನ ಹ್ಯಾಂಗ ಒಪ್ಪಲಿ?”

ಯಂಕೇಶನ ಎದೆ ಹೊಡೆದುಕೊಳ್ಳುವುದು ಅವಳಿಗೆ ತನ್ನ ಎದೆಯಲ್ಲೇ ಕೇಳಿಸುತ್ತಿತ್ತು. ಅದೇ ಅವಳಿಗೆ ಸಾಕುಸಾಕಾಗಿ ಹೋಗಿತ್ತು.

“ಖರೇ ಐತಿ,” ಎಂದ ಯಂಕೇಶ. “ಇದನ್ನ ಬಿಡಿಸಾಕ ಬರತೈತೇನೋ ಕೇಳೂಣು.”

ಕೊಪ್ಪಳಕ್ಕೆ ಹೊಂದಿಕೊಂಡ ಭಾಗ್ಯನಗರದಲ್ಲಿ ಕಾಸೀಮಬೀ ಎಂಬ ಮುದುಕಿ ಇದ್ದಳು. ಹಳೆಯ ಸೀರೆಗಳನ್ನು ಸೇರಿಸಿ ಕೌದಿ ಹೊಲಿದು ಬದುಕುವವಳು. ಅವಳಿಗೂ ಅವಳ ಗಂಡ ಜಿಲಾನಸಾಬನಿಗೂ ಇಂಥದ್ದೇ ಇತ್ತೆಂದು ಡಿಪೊದ ಒಬ್ಬ ಹಿರಿಯ ಕಂಡಕ್ಟರ್ ಸುಕನ್ಯಾಳಿಗೆ ಹೇಳಿದ್ದರು. ಇಬ್ಬರೂ ಹೋದರು. ಕಾಸೀಮಬೀ ಚಹಾ ಕೊಟ್ಟು, ಇಬ್ಬರ ಮಣಿಕಟ್ಟನ್ನೂ ಒಟ್ಟಿಗೆ ಹಿಡಿದು ನಾಡಿ ನೋಡಿದಳು. ಒಂದರ ಬಡಿತ ಇನ್ನೊಂದರಲ್ಲೂ ಇತ್ತು. ಮುದುಕಿಯ ಕಣ್ಣು ತುಂಬಿದವು.

“ಇಷ್ಟು ವರ್ಷಕ್ಕ ಮತ್ತೊಮ್ಮಿ ನೋಡಿದೆ,” ಎಂದಳು. “ನಮ್ಮವರು ಲಾರಿ ಹೊಡಿತಿದ್ರು. ಮುಂಬೈ, ಸೂರತ್. ನಾ ಇಲ್ಲಿ ಕೌದಿ ಹೊಲಿಯೂ ಮುಂದ ಸೂಜಿ ಚುಚ್ಚಿದ್ರ ಅವರು ಅಲ್ಲಿ ಸ್ಟೇರಿಂಗ್ ಬಿಡ್ತಿದ್ರು. ನನ್ನ ಬಿಟ್ಟುಬಿಡು ಅಂತ ಒಮ್ಮಿ ಕೇಳಿದ್ರು. ನಾ ಬಿಡಲಿಲ್ಲವ್ವ. ಅವರು ಲಾರಿ ಬಿಟ್ಟು ಮನ್ಯಾಗ ಕುಂತ್ರು. ಲಾರಿ ಅಂದ್ರ ಅವರಿಗೆ ಜೀವ ಇತ್ತು. ಮೂವತ್ತೊಂದು ವರ್ಷ ನನ್ನ ಎದುರಿಗೆ ಕುಂತು ರಸ್ತೆ ನೋಡಿದ್ರು. ಅವರ ಹಂತ್ಯಾಕ ಮಾಫಿ ಕೇಳಬೇಕಂದ್ರ ಈಗ ಅವರಿಲ್ಲ.”

“ಬಿಡೂದು ಹ್ಯಾಂಗ್ರಿ?” ಸುಕನ್ಯಾ ಕೇಳಿದಳು.

“ಮಂತ್ರ ಇಲ್ಲ, ತಾಯತ ಇಲ್ಲ. ಹರಿಯೂ ನೀರಾಗ ಸೊಂಟಮಟ ನಿಲ್ಲಬೇಕು. ಅವನ ಕೈ ಹಿಡಿದು, ನಿನ್ನ ಬಿಟ್ಟೀನಿ ಅನ್ನಬೇಕು. ಒಂದು ತಿಳಕೋ, ನಿನ್ನನ್ನ ನೀ ಬಿಡಿಸಿಕೊಳ್ಳಾಕ ಬರೂದಿಲ್ಲ. ನಿನ್ನ ಅವನು ಬಿಡಬೇಕು, ಅವನ್ನ ನೀ ಬಿಡಬೇಕು. ಮನಸಿನ್ಯಾಗ ಕೂದಲೆಳಿಯಷ್ಟು ಸುಳ್ಳಿದ್ರ ಆಗೂದಿಲ್ಲ. ಒಮ್ಮಿ ಬಿಟ್ಟದ್ದು ಮತ್ತ ಬರೂದಿಲ್ಲ.”

ಪುಷ್ಯಮಾಸದ ಒಂದು ಬೆಳಿಗ್ಗೆ, ಬಿಸಿಲು ಬಂಡೆಗಳ ಮೇಲಿಂದ ಇಳಿದು ನೀರಿಗೆ ತಾಕಿದ ಹೊತ್ತಿಗೆ, ಇಬ್ಬರೂ ಆನೆಗೊಂದಿಯ ಹೊಳೆಗೆ ಇಳಿದರು. ಸುಕನ್ಯಾಳ ಸೊಂಟಕ್ಕೆ ಎರಡು ನೀರು ತಾಕುತ್ತಿದ್ದವು, ತನ್ನದು ಮತ್ತು ಅವನದು. ಯಂಕೇಶ ಅವಳ ಮಣಿಕಟ್ಟು ಹಿಡಿದ.

“ಸುಕನ್ಯಾ, ನಿನ್ನ ಬಿಟ್ಟೀನಿ,” ಎಂದ. ಒಂದೇ ಸಲ, ಮೆಲ್ಲಗೆ.

ಒಂದೇ ನೀರು ಉಳಿಯಿತು. ಅವಳ ಅಂಗೈಯ ಉರಿ, ಹೆಗಲ ಭಾರ, ಎದೆಯೊಳಗಿನ ಇನ್ನೊಂದು ಬಡಿತ, ಯಾವುದೂ ಇರಲಿಲ್ಲ. ಇಪ್ಪತ್ತಾರು ವರ್ಷ ಕಿವಿಯೊಳಗಿದ್ದ ಒಂದು ಸದ್ದು ನಿಂತು, ಅದು ಸದ್ದಾಗಿತ್ತೆಂದು ಆಗ ತಿಳಿದಂತಾಯಿತು. ಅವಳು ಕೈ ಎತ್ತಿ ಬಿಸಿಲಿಗೆ ಹಿಡಿದು ನೋಡಿದಳು. ಬರೀ ತನ್ನ ಕೈ. ಆಕಾಶ, ಬಂಡೆ, ಹರಿಯುವ ನೀರು, ಎಲ್ಲವೂ ಈಗಷ್ಟೇ ಮಾಡಿ ಇಟ್ಟಂತೆ ಹೊಸದಾಗಿ ಕಂಡವು. ನಡುವೆ ನಿಂತ ಯಂಕೇಶನೂ ಹೊಸಬನಾಗಿ ಕಂಡ. ಅವನಿಗೆ ಚಳಿಯಾಗುತ್ತಿದೆಯೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

ಈಗ ಅವಳ ಸರದಿ. ಅವನ ಮಣಿಕಟ್ಟು ಹಿಡಿದು “ಯಂಕೇಶ, ನಿನ್ನ ಬಿಟ್ಟೀನಿ,” ಎಂದಳು. ಅವನು ಇಲ್ಲವೆಂದು ತಲೆಯಾಡಿಸಿದ. ಮತ್ತೆ ಹೇಳಿದಳು. ಮೂರನೇ ಸಲ ಕಣ್ಣು ಮುಚ್ಚಿ ಹೇಳಿದಳು. ನೀರೊಳಗೆ ಅವಳ ಕಾಲ್ಬೆರಳು ಬಂಡೆಗೆ ತಾಕಿತು, ಯಂಕೇಶ ತನ್ನ ಕಾಲು ಎಳೆದುಕೊಂಡ.

ಬಿಡಿಸಿಕೊಳ್ಳಬೇಕೆಂದು ಹಟ ಹಿಡಿದವಳು ಅವಳು. ಬಿಡಲಾರದವಳೂ ಅವಳೇ. ಅವಳಿಗೆ ನಾಚಿಕೆಯಾಗಿ ದಂಡೆಗೆ ಬಂದು ಕೂತಳು.

“ಇರ್ಲಿ ಬಿಡು,” ಎಂದ ಯಂಕೇಶ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. “ನನಗ ಇದು ರೂಢಿ ಐತಿ. ನೀ ಹೋಗಿ ಬಾ.”

ಮದುವೆ ನಿಂತಿತು. ದೇವರು ಕಟ್ಟಿದ್ದನ್ನು ಬಿಚ್ಚಿಕೊಂಡು ಬಂದಿರಲ್ಲ ಎಂದು ದುರಗಮ್ಮ ಅತ್ತಳು. ಗಾಳೆಪ್ಪ ಒಂದು ತಿಂಗಳು ಮಗಳ ಜೊತೆ ಮಾತಾಡಲಿಲ್ಲ. ಸುಕನ್ಯಾ ಡಿಪೊದ ಹತ್ತಿರ ಒಂದು ಖೋಲಿ ಹಿಡಿದು ಇದ್ದಳು. ರಜೆಯಲ್ಲಿ ಎಂಟು ಗಂಟೆಯವರೆಗೆ ಮಲಗಿದಳು. ಬೆಳಗಿನ ನೀರು ಅವಳನ್ನು ಎಬ್ಬಿಸಲಿಲ್ಲ. ಒಬ್ಬಳೇ ವಿಜಯಪುರಕ್ಕೆ ಹೋಗಿ ಗೋಳಗುಮ್ಮಟ ಹತ್ತಿ ಬಂದಳು. ಒಬ್ಬಳೇ ಇರುವುದು ಅವಳಿಗೆ ಸೇರಿತು. ಅದು ಅವಳು ಹೆದರಿದ್ದಂತೆ ಬರಿದಾಗಿರಲಿಲ್ಲ.

ಆದರೆ ಅವಳ ನಡೆ ಬೇರೆಯಾಯಿತು. ತಾನು ಮಾಡಿದ್ದೆಲ್ಲ ಇನ್ನೊಬ್ಬನಿಗೆ ಮುಟ್ಟುತ್ತದೆ ಎಂಬುದು ಅವಳಿಗೆ ಮರೆಯುತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಉಂಡಳು. ಕಾಲಿಗೆ ಒಳ್ಳೆಯ ಬೂಟು ಹಾಕಿಕೊಂಡಳು. ಬಸ್ಸಿನಲ್ಲಿ ನೂಕುನುಗ್ಗಲಿದ್ದಾಗ ಮೊಣಕೈಗೆ ಅಂಗೈ ಮರೆ ಮಾಡಿ ನಡೆದಳು. ಒಂದು ಸಂಜೆ ರೊಟ್ಟಿ ಬಡಿಯುವಾಗ ಹಂಚು ತಾಕಿ ಮಣಿಕಟ್ಟು ಸುಟ್ಟಿತು. ಅವಳು ತನ್ನ ಕೈ ನೋಡಿಕೊಳ್ಳುವ ಮೊದಲೇ ಫೋನ್ ಹಚ್ಚಿದಳು.

“ಭಾಳ ಸುಟ್ಟಿತೇನು?”

“ಎಡಗೈ. ಎಣ್ಣಿ ಹಚ್ಚೀನಿ. ನೀನೂ ಹಚ್ಚು,” ಎಂದ ಯಂಕೇಶ.

“ನೀ ಯಾಕ ಫೋನ್ ಮಾಡಲಿಲ್ಲ?”

“ಅದು ನಿನ್ನ ಕೈ. ನೀ ಹೇಳಿದ್ರ ಕೇಳ್ತೀನಿ. ಹೇಳಲಿಲ್ಲ ಅಂದ್ರ ನನಗ ಗೊತ್ತಿಲ್ಲ ಅಂತ ತಿಳಕೋತೀನಿ.”

ಸುಕನ್ಯಾ ಫೋನ್ ಹಿಡಿದು ಒಲೆಯ ಮುಂದೆಯೇ ಕೂತಳು. ಎಲ್ಲವೂ ತಿಳಿದ ಮನುಷ್ಯ ತಿಳಿಯದವನಂತೆ ಇದ್ದು ತನಗೆ ಜಾಗ ಬಿಟ್ಟಿದ್ದಾನೆ. ಇಂಥ ಭಕ್ತಿಯನ್ನು ಅವಳು ದೇವರ ಮನೆಯಲ್ಲೂ ಕಂಡಿರಲಿಲ್ಲ.

ಆಮೇಲೆ ಅವಳು ದಿನಾ ಕೇಳತೊಡಗಿದಳು. ಇವತ್ತು ಹೊಳೆ ಹ್ಯಾಂಗಿತ್ತು, ಬೆನ್ನು ನೋವು ಕಮ್ಮಿ ಆತೇನು, ಏನು ಉಂಡಿ. ಯಂಕೇಶನಿಗೆ ಹೇಳುವುದು ಗೊತ್ತಿರಲಿಲ್ಲ; ಮೊದಮೊದಲು “ಛಲೋ ಐತಿ” ಎನ್ನುವುದರ ಆಚೆಗೆ ಮಾತೇ ಬರುತ್ತಿರಲಿಲ್ಲ. ಬರಬರುತ್ತ ಕಲಿತ. ತೋಟದಲ್ಲಿ ಬಾವಲಿಗಳು ಬಂದದ್ದು, ಬಂಡೆಯ ಮೇಲೆ ನೀರುನಾಯಿಗಳ ಹಿಂಡು ಮೈ ಕಾಯಿಸುತ್ತಾ ಮಲಗಿದ್ದು, ಅಪ್ಪನ ಹರಿಗೋಲು ಇನ್ನೂ ಮನೆಯ ಹಿಂದೆ ಬೋರಲು ಬಿದ್ದಿದ್ದು, ಅದನ್ನು ನೋಡಿದಾಗ ತನಗೆ ಏನಾಗುತ್ತದೆ ಎಂಬುದು. ಇಪ್ಪತ್ತಾರು ವರ್ಷ ಅವನ ಮೈಯೊಳಗೇ ಇದ್ದರೂ ಇದ್ಯಾವುದೂ ಸುಕನ್ಯಾಳಿಗೆ ತಿಳಿದಿರಲಿಲ್ಲ.

ಮಳೆಗಾಲದಲ್ಲಿ ನಾಲ್ಕು ದಿನ ಅವನು ಫೋನ್ ಎತ್ತಲಿಲ್ಲ. ಐದನೇ ದಿನ ದುರಗಮ್ಮ ಎತ್ತಿ, ಮಗನಿಗೆ ಡೆಂಗಿ ಜ್ವರ ಬಂದು ಗಂಗಾವತಿಯ ದವಾಖಾನೆಯಲ್ಲಿ ಇದ್ದಾನೆಂದು ಹೇಳಿದಳು. ಹಿಂದೆ ಅವನಿಗೆ ಜ್ವರ ಬಂದರೆ ಮೊದಲು ಮಲಗುತ್ತಿದ್ದವಳು ಸುಕನ್ಯಾ. ಈ ಸಲ ಅವಳಿಗೆ ಏನೂ ಆಗಿರಲಿಲ್ಲ. ಗದಗಿನ ಬಸ್ಸಿನಲ್ಲಿ ನಗುನಗುತ್ತಾ ಟಿಕೆಟ್ ಕೊಡುತ್ತಿದ್ದಳು. ರಜೆ ಬರೆದುಕೊಟ್ಟು ತಾವರಗೇರಾ, ಕನಕಗಿರಿ ದಾಟಿ ಗಂಗಾವತಿಗೆ ಬಂದಳು. ದಾರಿಯುದ್ದಕ್ಕೂ ಅವಳ ಮೈ ಸುಮ್ಮನಿತ್ತು. ಯಾವ ನೀರೂ ಎಳೆಯಲಿಲ್ಲ, ಯಾವ ನೋವೂ ದೂಡಲಿಲ್ಲ. ಹೋಗುತ್ತಿರುವವಳು ತಾನೇ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಾಗುತ್ತಿತ್ತು.

ಯಂಕೇಶ ಒಣಗಿದ ಬಾಳೆಯೆಲೆಯಂತೆ ಮಲಗಿದ್ದ. ಅವಳು ಅವನ ಕಾಲ ಹತ್ತಿರ ಕೂತಳು. ಮೂರು ದಿನ ಅಲ್ಲೇ ಇದ್ದಳು. ಗಂಜಿ ಕುಡಿಸುವಾಗ ಬಿಸಿ ಎಷ್ಟಿದೆ ಎಂದು ಪ್ರತಿ ಚಮಚಕ್ಕೂ ಕೇಳಿದಳು. ಅವನು ಹೇಳಿದ. ದುರಗಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾಲ್ಕನೇ ದಿನ ತಾನೇ ಸುಕನ್ಯಾಳ ತಲೆಗೆ ಎಣ್ಣೆ ಹಚ್ಚಿ ಹೆಳಲು ಹಾಕಿದಳು.

ದೀಪಾವಳಿ ಮುಗಿದ ಮೇಲೆ ಸುಕನ್ಯಾ ಆನೆಗೊಂದಿಗೆ ಬಂದು ಹೇಳಿದಳು.

“ನಡಿ, ಹೊಳಿಗೆ ಹೋಗೂಣು. ಈಗ ನಿನ್ನ ಬಿಡಾಕ ಬರತೈತಿ ನನಗ. ಮನಸು ಗಟ್ಟಿ ಮಾಡೀನಿ.”

ಯಂಕೇಶ ಹಗ್ಗ ಹೊಸೆಯುತ್ತಿದ್ದ. ಕೈ ನಿಲ್ಲಿಸಲಿಲ್ಲ.

“ನನ್ನ ಕೇಳಿದಿ ಏನು?”

“ಏನಂತ?”

“ಬಿಡಬೇಕೋ ಬ್ಯಾಡೋ ಅಂತ. ನಿನ್ನ ಯಾರೂ ಕೇಳಲಿಲ್ಲ ಅಂತ ನೀ ಹೊಂಟಿ. ಅದು ಖರೇ ಇತ್ತು. ನನ್ನನ್ನೂ ಕೇಳು.”

ಸುಕನ್ಯಾ ಅವನ ಎದುರಿಗೆ ನೆಲದ ಮೇಲೆ ಕೂತಳು.

“ಬಿಡ್ಲೇನು?” ಎಂದು ಕೇಳಿದಳು.

“ಬ್ಯಾಡ,” ಎಂದ ಯಂಕೇಶ. “ನಿನ್ನ ಬಿಟ್ಟಾಗ ನಾ ಖರೇನ ಬಿಟ್ಟಿದ್ದೆ. ನಿನ್ನಿಂದ ನನಗೇನೂ ಬರಬೇಕಾಗಿಲ್ಲ. ಆದ್ರ ಇದು ನನಗ ಬೇಕು. ನೀ ಬಸ್ಸಿನ್ಯಾಗ ನಿಂತಾಗ ನನ್ನ ಕಾಲ ಕೆಳಗ ನೆಲ ಅಲುಗ್ಯಾಡತೈತಿ. ಈ ಊರು ಬಿಟ್ಟು ಹೆಚ್ಚಿಗಿ ಎಲ್ಲಿಗೂ ಹೋಗದವ ನಾ. ಇಲ್ಲೇ ನಿಂತು ನಿನ್ನ ಕೂಡ ಎಷ್ಟು ಊರು ತಿರುಗೀನಿ ಗೊತ್ತೇನು? ಹಿಂದೊಮ್ಮಿ ನೀ ಎಲ್ಲೋ ಭಾಳ ಎತ್ತರಕ್ಕ ಹತ್ತಿದಿ. ನನ್ನ ಕಿವ್ಯಾಗ ಗಾಳಿ ಹೊಕ್ಕಿತ್ತು.”

ಮದುವೆಯ ಮಾತನ್ನು ಸುಕನ್ಯಾಳೇ ಎತ್ತಿದಳು. ತನ್ನ ಕೆಲಸ ಬಿಡುವುದಿಲ್ಲ, ಬೇಕಾದಾಗ ಒಬ್ಬಳೇ ಹೋಗಿ ಬರುತ್ತೇನೆ, ಎಲ್ಲಿಗೆಂದು ಕೇಳಬಾರದು ಎಂದಳು. “ಕಾಲು ಜ್ವಾಕಿ, ಅಷ್ಟ,” ಎಂದ ಯಂಕೇಶ. ಮದುವೆಯಾಗಿ ಅವಳು ಗಂಗಾವತಿ ಡಿಪೊಗೆ ವರ್ಗ ಮಾಡಿಸಿಕೊಂಡಳು. ಜನರ ಎದುರಿಗೆ ಅವನನ್ನು “ರೀ” ಎಂದು ಕರೆದಳು, ಮನೆಯಲ್ಲಿ ಹೆಸರು ಹಿಡಿದು.

ಎರಡನೇ ವರ್ಷ ಅವಳು ಬಸುರಿಯಾದಳು. ಚೊಚ್ಚಲ ಹೆರಿಗೆಗೆ ಯಲಬುರ್ಗಾದ ತವರಿಗೆ ಹೋದಳು. ದಿನ ಇನ್ನೂ ಹತ್ತು ಇರುವಾಗ, ಒಂದು ಬೆಳಿಗ್ಗೆ ಆನೆಗೊಂದಿಯ ತೋಟದಲ್ಲಿ ಬಾಳೆಗೆ ಮಣ್ಣು ಏರಿಸುತ್ತಿದ್ದ ಯಂಕೇಶ ಸಲಿಕೆ ಬಿಟ್ಟು ಕುಸಿದು ಕೂತ. ತವರಿನಿಂದ ಫೋನ್ ಬರುವ ಹೊತ್ತಿಗೆ ಅವನು ತಾಯಿಯ ಜೊತೆ ಆಗಲೇ ಗಂಗಾವತಿಯ ಬಸ್ಸಿನಲ್ಲಿದ್ದ. ಕೊಪ್ಪಳದಲ್ಲಿ ಇಳಿದು ಯಲಬುರ್ಗಾದ ಬಸ್ಸು ಹತ್ತಿದರು. ಅವನು ಮುಂದಿನ ಸೀಟಿನ ಕಂಬಿಗೆ ಹಣೆಯೊತ್ತಿ, ಹಲ್ಲು ಕಚ್ಚಿ ಕೂತಿದ್ದ. ನೋವು ಬರುತ್ತಿತ್ತು, ಬಿಡುತ್ತಿತ್ತು, ಮತ್ತೆ ಬರುತ್ತಿತ್ತು. ಪಕ್ಕದ ಸೀಟಿನಲ್ಲಿದ್ದ ಒಬ್ಬ ವಯಸ್ಸಾದ ಹೆಣ್ಣುಮಗಳು ಬಹಳ ಹೊತ್ತಿನಿಂದ ಅವನನ್ನೇ ನೋಡುತ್ತಿದ್ದಳು.

“ಹೊಟ್ಟಿನೋವು ಹಿಂಗ ಬಂದು ಹಿಂಗ ಬಿಡೂದಿಲ್ಲವ್ವ,” ಎಂದು ದುರಗಮ್ಮನಿಗೆ ಹೇಳಿದಳು. “ಐವತ್ತು ಹೆರಿಗಿ ಮಾಡಿಸೀನಿ ನಾ. ಇವು ಬ್ಯಾನಿ.”

“ಹೌದ್ರಿ,” ಎಂದಳು ದುರಗಮ್ಮ. “ಇವನ ಹೆಂಡತಿ ಹಡಿಯಾಕತ್ತಾಳ.”

ಬಸ್ಸಿನಲ್ಲಿ ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರು. ಯಾರೂ ನಗಲಿಲ್ಲ. ಆ ಹೆಣ್ಣುಮಗಳು ಎದ್ದು ಬಂದು ಅವನ ಪಕ್ಕದಲ್ಲಿ ಕೂತು, ಸೊಂಟಕ್ಕೆ ಅಂಗೈ ಕೊಟ್ಟು ಒತ್ತಿದಳು. “ಉಸಿರು ಸಣ್ಣಗ ಬಿಡಪ್ಪ,” ಎಂದಳು. ಡ್ರೈವರ್ ನಡುವಿನ ನಿಲುಗಡೆಗಳಲ್ಲಿ ಹತ್ತುವವರನ್ನು ಬೇಗಬೇಗ ಹತ್ತಿಸಿಕೊಂಡು ನಡೆಸಿದ.

ದವಾಖಾನೆಯ ಪಡಸಾಲೆಯಲ್ಲಿ ಮುದಕಮ್ಮ, ಗಾಳೆಪ್ಪ ಕಾಯುತ್ತಿದ್ದರು. ಒಳಗೆ ಬಿಡಲಿಲ್ಲ. ಯಂಕೇಶ ಕಂಬವನ್ನು ತಬ್ಬಿ ನಿಂತ. ಬಾಗಿಲಿನ ಆಚೆ ಸುಕನ್ಯಾ ಕೂಗಿದಾಗ ಈಚೆ ಅವನ ಬೆರಳು ಕಂಬದ ಸುಣ್ಣ ಕಿತ್ತವು. ಅವಳಿಗೆ ತಿಳಿಯಲೆಂದು ಅವನು ಒಂದು ಸಲ ಅವಳ ಹೆಸರು ಹಿಡಿದು ಕರೆದ. “ಬಂದಿ ಏನು?” ಎಂದಳು ಅವಳು ಒಳಗಿನಿಂದ. “ಬಂದೀನಿ,” ಎಂದ. ಆಮೇಲೆ ಇಬ್ಬರಿಗೂ ಮಾತಾಡುವಷ್ಟು ಉಸಿರು ಉಳಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವನು ಮೊಣಕಾಲೂರಿ ನೆಲಕ್ಕೆ ಕುಸಿದ. ಮೈಯೆಲ್ಲ ಬೆವರು. ಸೊಂಟದ ಎಲುಬು ಎರಡಾಗಿ ತೆರೆದು, ಅದರ ನಡುವಿನಿಂದ ಒಂದು ದೊಡ್ಡ ಬೆಳಕು ನುಗ್ಗಿ ಹೋದಂತೆ ಆಯಿತು ಎಂದು ಮುಂದೆ ಅವನು ಸುಕನ್ಯಾಳ ಹತ್ತಿರ ಮಾತ್ರ ಹೇಳಿದ. ಒಳಗೆ ಮಗು ಅತ್ತಿತು.

ಹೆಣ್ಣುಮಗು. ನರ್ಸ್ ಬಾಗಿಲು ತೆರೆದು ಹೇಳಿದಾಗ ಪಡಸಾಲೆಯಲ್ಲಿದ್ದ ಹೆಂಗಸರೆಲ್ಲ ಮಗುವಿನ ಕಡೆಗೆ ಹೋಗದೆ, ನೆಲದ ಮೇಲೆ ಕೂತ ಗಂಡಸಿನ ಸುತ್ತ ನಿಂತಿದ್ದರು. ಬೇರೆ ಬಾಣಂತಿಯರ ತಾಯಂದಿರು, ಅತ್ತೆಯಂದಿರು, ಕಸ ಗುಡಿಸುವವಳು. ಏಳು ಹೆತ್ತ ಮುದಕಮ್ಮ ಅವನ ಮುಂದೆ ಕೂತು, ಅವನ ಗದ್ದ ಹಿಡಿದು ಮುಖ ಎತ್ತಿದಳು.

“ನಿನಗ ತಿಳೀತಲ್ಲಪ್ಪ,” ಎಂದಳು. ಅಷ್ಟೇ ಅವಳಿಗೆ ಹೇಳಲು ಬಂದದ್ದು.

ಯಂಕೇಶ ಗುಂಪಿನಲ್ಲಿ ತನ್ನ ತಾಯಿಯನ್ನು ಹುಡುಕಿದ. ದುರಗಮ್ಮ ಗೋಡೆಗೆ ಒರಗಿ ನಿಂತಿದ್ದಳು. ಅವನಿಗೆ ಏಳಲು ಆಗುತ್ತಿರಲಿಲ್ಲ. ಕೈಯೂರಿ ಸರಿಯುತ್ತಾ ಹೋಗಿ ಅವಳ ಎರಡೂ ಪಾದಗಳ ಮೇಲೆ ಹಣೆಯಿಟ್ಟ. ದುರಗಮ್ಮ ಬಗ್ಗಿ ಅವನ ಬೆವರಿದ ಬೆನ್ನನ್ನು ಸೆರಗಿನಿಂದ ಒರೆಸಿದಳು.

“ಏಳು,” ಎಂದಳು. “ಒಳಗ ಅಕಿ ನಿನ್ನ ಕೇಳಾಕತ್ತಾಳ.”